ಫೈಲ್‌ಗೂ ಒಂದು ತೂಕದ ಚೀಟಿ

ಕಳೆದ ಶ್ರಾವಣದಲ್ಲಿ ಮಂಡ್ಯದ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗಳು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುತ್ತಾಳೆ. ಕಾವೇರಿ ಸೀಮೆಯ ಮಳೆ ಬಗ್ಗೆ ಪ್ರಾಜೆಕ್ಟ್. ಮುದ್ದೆ ಆರಿಹೋಗ್ತಿದೆ ಅಂತ ಅಕ್ಕ ಮೂರು ಸಲ ಕೂಗಿದರೂ ಹುಡುಗಿ ಏಳಲಿಲ್ಲ. ಹೋಗಿ ನೋಡಿದರೆ ಲ್ಯಾಪ್‌ಟಾಪ್ ಮುಂದೆ ಕೂತು ಒಂದೇ ಸಮ ಕ್ಲಿಕ್ ಮಾಡುತ್ತಿದ್ದಾಳೆ. ಮಳೆ ಲೆಕ್ಕದ ಫೈಲ್ ಇಳಿಸಿಕೊಳ್ಳುವ ಕೆಲಸ. ವರ್ಷಕ್ಕೊಂದು ದಾಖಲೆ, ಒಂದೊಂದರಲ್ಲಿ ತಿಂಗಳಿಗೊಂದರಂತೆ 12 ಫೈಲ್. 30 ವರ್ಷಕ್ಕೆ 360.

"ಎಷ್ಟಾಯ್ತೇ?"

"140 ಆಗಿರಬೇಕು ಮಾವ."

ಆ 'ಆಗಿರಬೇಕು' ನನಗೆ ಸರಿಬರಲಿಲ್ಲ. 139 ಆಗಿದ್ದು, ಬಿಟ್ಟುಹೋದದ್ದು ಜುಲೈ ತಿಂಗಳ ಫೈಲ್ ಆದರೆ? ಕೊಡಗಿನ ಮಳೆಯೇ ಲೆಕ್ಕದಿಂದ ಹೊರಗೆ!

ಈಗ ಸಂಶೋಧಕರು ತಮ್ಮ ಮೂಲ ಅಂಕಿಅಂಶವನ್ನು ಆನ್‌ಲೈನ್ ದತ್ತಾಂಶ ಭಂಡಾರಗಳಲ್ಲಿ ಇಡುತ್ತಾರೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಜಿನೀವಾ ಹತ್ತಿರದ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ 2013ರಲ್ಲಿ ಶುರುಮಾಡಿದ ಝೆನೋಡೊ ಅಂಥದ್ದೊಂದು. ಅಲೆಕ್ಸಾಂಡ್ರಿಯಾ ಗ್ರಂಥಾಲಯದ ಮೊದಲ ಗ್ರಂಥಪಾಲಕ ಝೆನೊಡೋಟಸ್‌ನ ಹೆಸರಿನಿಂದ ಬಂದದ್ದು. ಇಲ್ಲಿ ಪ್ರತಿ ದಾಖಲೆಗೂ ಡಿಒಐ ಅನ್ನುವ ಕಾಯಂ ನಂಬರ್ ಸಿಗುತ್ತದೆ. ವೆಬ್ ವಿಳಾಸ ಬದಲಾದರೂ ಈ ನಂಬರ್ ಬದಲಾಗುವುದಿಲ್ಲ.

ಹೊಸಬರು ಮೊದಲು ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ. ಡಿಒಐ ನಂಬರನ್ನೇ ಪ್ರೋಗ್ರಾಂಗೆ ಕೊಟ್ಟು, ರಾತ್ರಿಯಿಡೀ ಓಡಿಸಿ, ಬೆಳಿಗ್ಗೆ ತೆರೆದು ನೋಡಿದರೆ ಎಲ್ಲ ಫೈಲೂ ಚಿಕ್ಕಚಿಕ್ಕವು. ಒಳಗೆ ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಇದ್ದದ್ದು ವೆಬ್ ಪುಟದ ಕೋಡ್. ಡಿಒಐ ನಮ್ಮನ್ನು ಮುಟ್ಟಿಸುವುದು ದಾಖಲೆಯ ಪರಿಚಯ ಪುಟಕ್ಕೆ, ಫೈಲ್‌ಗಲ್ಲ. ಮನೆ ವಿಳಾಸ ಕೊಟ್ಟರೆ ಗೇಟ್ ತನಕ ಹೋಗಬಹುದು, ಅಟ್ಟದ ಮೇಲಿನ ಡಬ್ಬಿ ಕೈಗೆ ಬರುತ್ತಾ?

ಡಬ್ಬಿ ಕೈಗೆ ಬರಬೇಕಾದರೆ ಎಪಿಐ ಬೇಕು. ಪ್ರೋಗ್ರಾಂಗಳಿಗೆ ಅಂತಲೇ ಇಟ್ಟಿರುವ ಹಿಂಬಾಗಿಲು ಅನ್ನಿ. ದಾಖಲೆಯ ನಂಬರ್ ಹೇಳಿದರೆ, ಬಣ್ಣ ಚಿತ್ರ ಏನೂ ಇಲ್ಲದ ಒಂದು ಪಟ್ಟಿ ಬರುತ್ತದೆ. ಝೆನೋಡೊದಲ್ಲಾದರೆ ಪ್ರತಿ ಫೈಲಿನ ಹೆಸರು, ಎಷ್ಟು ಬೈಟ್, ಇಳಿಸಿಕೊಳ್ಳುವ ನೇರ ಕೊಂಡಿ, ಜೊತೆಗೆ 32 ಅಕ್ಷರ-ಅಂಕಿಗಳ ಒಂದು ಸಾಲು. ಫೈಲಿನ ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ತೆಗೆದ ಆ ಸಾಲನ್ನು ಚೆಕ್‌ಸಮ್ ಅನ್ನುತ್ತಾರೆ. ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಬೆಲೆ ಜಾಸ್ತಿ ಇರುವುದು ಅದಕ್ಕೇ. ಜಾಸ್ತಿ ಜನ ನೋಡದೆ ಬಿಡುವುದೂ ಅದನ್ನೇ.

ಭಾವ ಕಬ್ಬು ಬೆಳೆಯುತ್ತಾರೆ. ಕಾರ್ಖಾನೆಗೆ ಹೋಗುವ ಮೊದಲು ಹೊರಗಿನ ವೇಬ್ರಿಡ್ಜಿನಲ್ಲಿ ಲೋಡ್ ತೂಗಿಸಿ ಚೀಟಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಅಲ್ಲಿನ ತೂಕವೂ ಇದೂ ತಾಳೆಯಾಗಬೇಕು. ಚೆಕ್‌ಸಮ್ಮೂ ಅಂಥದ್ದೇ ಚೀಟಿ: ಇಳಿಸಿದ ಫೈಲನ್ನು ನಾವೂ ಲೆಕ್ಕ ಹಾಕಿ ತಾಳೆ ನೋಡಬಹುದು. ಆದರೆ ಇದು ಇನ್ನೂ ಖಡಕ್. ಒಂದು ಜಲ್ಲೆ ಎಳೆದುಕೊಂಡು ಅಷ್ಟೇ ತೂಕದ ಇನ್ನೊಂದನ್ನು ತುರುಕಿದರೆ ವೇಬ್ರಿಡ್ಜಿಗೆ ಗೊತ್ತಾಗುವುದಿಲ್ಲ. ಫೈಲಿನಲ್ಲಿ ಒಂದೇ ಒಂದು ಬಿಟ್, ಅಂದರೆ ಒಂದು 0 ಅಥವಾ 1, ಬದಲಾದರೂ ಆ 32ರ ಸಾಲು ಗುರುತೇ ಸಿಗದಷ್ಟು ಬದಲಾಗುತ್ತದೆ. ಈ ಲೆಕ್ಕದ ಹೆಸರು ಎಂಡಿ5. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ರೊನಾಲ್ಡ್ ರಿವೆಸ್ಟ್ 1991ರಲ್ಲಿ ಮಾಡಿದ್ದು. ಬೇಕೆಂದೇ ಮೋಸ ಮಾಡುವವರ ಎದುರು ಇದು ನಿಲ್ಲುವುದಿಲ್ಲ ಅಂತ 2004ರಲ್ಲೇ ಗೊತ್ತಾಗಿದೆ. ದಾರಿಯಲ್ಲಿ ತಾನಾಗಿಯೇ ಕೆಟ್ಟ ಫೈಲ್ ಹಿಡಿಯಲು ಮಾತ್ರ ಇವತ್ತಿಗೂ ಸಾಕು.

ಇನ್ನೊಂದು ತಮಾಷೆ. ಖಾಲಿ ಫೈಲಿಗೂ ಎಂಡಿ5 ಇದೆ. 'ಡಿ41ಡಿ8ಸಿಡಿ98' ಅಂತ ಶುರುವಾಗುತ್ತದೆ. ಏನೂ ಇಲ್ಲದ ಯಾವ ಫೈಲನ್ನು ಎಲ್ಲಿ ಲೆಕ್ಕ ಹಾಕಿದರೂ ಇದೇ ಉತ್ತರ.

ಮುದ್ದೆ ಮುಗಿದ ಮೇಲೆ ಇಬ್ಬರೂ ಕೂತು ಪೈಥಾನ್‌ನಲ್ಲಿ 40 ಸಾಲಿನ ಪ್ರೋಗ್ರಾಂ ಬರೆದೆವು. ಪಟ್ಟಿ ತಾ, ಒಂದೊಂದಾಗಿ ಇಳಿಸು, ಚೆಕ್‌ಸಮ್ ತಾಳೆ ನೋಡು, ತಾಳೆಯಾಗದ್ದನ್ನು ಬರೆದಿಡು. ನಡುವೆ ಎರಡೆರಡು ಸೆಕೆಂಡ್ ಸುಮ್ನೆ ಕಾಯಲಿ ಅಂದೆ. "ಯಾಕೆ ಮಾವ, ಒಟ್ಟಿಗೇ 20 ಬಿಟ್ರೆ ಬೇಗ ಆಗಲ್ವಾ?" ಆಗಬಹುದು. ಆದರೆ ಹೀಗೆ ಒಟ್ಟಿಗೆ ನುಗ್ಗಿದರೆ ಸರ್ವರ್ 429 ಅನ್ನುವ ಸಂಖ್ಯೆ ಕಳಿಸಬಹುದು. ಜಾಸ್ತಿ ಕೇಳ್ತಿದ್ದೀಯ, ಸ್ವಲ್ಪ ತಡಿ ಅಂತ ಅರ್ಥ. ಕಾರ್ಖಾನೆ ಗೇಟಿನಲ್ಲಿ ಟ್ರ್ಯಾಕ್ಟರ್ ಸಾಲು ಕಂಡವರ ಮಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಹತ್ತೂವರೆಗೆ ಕರೆಂಟ್ ಹೋಯಿತು, ವೈಫೈಯೂ ಹೋಯಿತು. ಇಂಥ ಹೊತ್ತಿಗೆ ಅಂತಲೇ ವೆಬ್‌ನಲ್ಲಿ ಒಂದು ಏರ್ಪಾಡಿದೆ. 'ಇಷ್ಟನೇ ಬೈಟ್‌ನಿಂದ ಮುಂದಕ್ಕೆ ಕೊಡು' ಅಂತ ಕೇಳಬಹುದು. ಸರ್ವರ್ ಒಪ್ಪಿದರೆ 206 ಅಂದು ಬಾಕಿ ಭಾಗ ಮಾತ್ರ ಕಳಿಸುತ್ತದೆ. 200 ಅಂದರೆ ಮೊದಲಿನಿಂದ ಪೂರ್ತಿ ಕಳಿಸುತ್ತಿದೆ ಎಂದು ಅರ್ಥ. ಅದನ್ನು ನೋಡದೆ ಹಳೆಯ ತುಂಡಿಗೆ ಅಂಟಿಸಿದರೆ ಎರಡು ತಲೆಯ ಫೈಲ್ ಆಗುತ್ತದೆ. ನಮ್ಮ 40 ಸಾಲು 52 ಆಯಿತು.

ಬೆಳಿಗ್ಗೆ ಕಾಫಿ ಲೋಟ ಹಿಡಿದು ಅವಳೇ ಲಾಗ್, ಅಂದರೆ ಪ್ರೋಗ್ರಾಂ ಬರೆದಿಟ್ಟ ವರದಿ, ಓದಿದಳು. 359 ತಾಳೆ. ಒಂದು ಇಲ್ಲ. ಫೈಲ್ ತೆರೆದೂ ನೋಡಲಿಲ್ಲ.

"ಮಾವ, ಇದು ಡಿ41ಡಿ8 ಅಂತ ಶುರುವಾಗಿದೆ. ಕರೆಂಟ್ ಹೋದಾಗಿನದು." ಅಳಿಸಿ, ಇನ್ನೊಮ್ಮೆ ಓಡಿಸಿದಳು.