ಅಮ್ಮ ಮರಳಿದ ಮೇಲಿನ ಮೂರು ನಿಮಿಷ

ಅಮ್ಮ ಕಣ್ಮರೆಯಾದಾಗ ಮಗು ರಂಪ ಮಾಡಿದರೆ 'ತುಂಬಾ ಹಚ್ಚಿಕೊಂಡಿದೆ' ಅನ್ನುತ್ತೇವೆ, ಸುಮ್ಮನಿದ್ದರೆ 'ಜಾಣ ಮಗು'. ತಾಯಿ-ಮಗುವಿನ ಬಾಂಧವ್ಯ ಅಳೆಯಲು ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ರೂಪಿಸಿದ 'ಅಪರಿಚಿತ ಸನ್ನಿವೇಶ' ಪರೀಕ್ಷೆಯ ಮುಂದೆ ಈ ಎರಡು ತೀರ್ಪೂ ನಿಲ್ಲುವುದಿಲ್ಲ.

ಹಸಿವು ನೀಗಿಸುತ್ತಾಳೆಂಬ ಕಾರಣಕ್ಕಷ್ಟೇ ಮಗು ತಾಯಿಗೆ ಅಂಟಿಕೊಳ್ಳುವುದಿಲ್ಲ, ಅಪಾಯದಲ್ಲಿ ದೊಡ್ಡವರ ಹತ್ತಿರ ಉಳಿಯುವ ಪ್ರವೃತ್ತಿ ವಿಕಾಸದಲ್ಲೇ ಬಂದದ್ದು ಎಂದವರು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ. ಅವರೊಡನೆ ಲಂಡನ್ನಿನಲ್ಲಿ ಕೆಲಸ ಮಾಡಿದ್ದ ಐನ್ಸ್‌ವರ್ತ್ 1954ರಲ್ಲಿ ಉಗಾಂಡಕ್ಕೆ ಹೋದರು. ಅಲ್ಲಿನ ಮಕ್ಕಳು ತಾಯಿಯನ್ನು ನೆಲೆ ಮಾಡಿಕೊಂಡು ಅತ್ತಿತ್ತ ಹರಿದಾಡಿ ಮತ್ತೆ ಅವಳ ಬಳಿಗೇ ಬರುತ್ತಿದ್ದವು. ಮುಂದೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ 26 ಕುಟುಂಬಗಳ ಮನೆಗೆ ಮೂರು ವಾರಕ್ಕೊಮ್ಮೆ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಹೋಗಿ ನೋಡಿದಾಗ ಅದೇ ನಡತೆ ಅಷ್ಟು ಎದ್ದು ಕಾಣಲಿಲ್ಲ. ತಾಯಿ ಒಳಗೆ ಹೊರಗೆ ಓಡಾಡುವುದು ಆ ಮಕ್ಕಳಿಗೆ ಮಾಮೂಲು. ಹಾಗಾಗಿ ಮಗುವಿಗೆ ಗೊತ್ತಿರದ ಕೋಣೆಯೊಂದು ಬೇಕಾಯಿತು.

ಪರೀಕ್ಷೆ 12ರಿಂದ 18 ತಿಂಗಳ ಮಕ್ಕಳಿಗೆ. ಎಂಟು ಹಂತ, ಒಟ್ಟು ಇಪ್ಪತ್ತು ನಿಮಿಷದಷ್ಟು. ಮೊದಲ ಹಂತ ಬಿಟ್ಟರೆ ಉಳಿದವು ಸುಮಾರು ಮೂರು ಮೂರು ನಿಮಿಷ. ಆಟಿಕೆಗಳಿರುವ ಕೋಣೆಯಲ್ಲಿ ತಾಯಿ, ಮಗು ಕೂರುತ್ತಾರೆ. ಅಪರಿಚಿತೆ ಬಂದು ಒಂದು ನಿಮಿಷ ಮೌನವಾಗಿರುತ್ತಾಳೆ, ಒಂದು ನಿಮಿಷ ತಾಯಿಯೊಡನೆ ಮಾತಾಡುತ್ತಾಳೆ, ಆಮೇಲೆ ಮಗುವಿನ ಹತ್ತಿರ ಸರಿಯುತ್ತಾಳೆ. ತಾಯಿ ಹೊರಹೋಗಿ ಮರಳುತ್ತಾಳೆ, ಆಗ ಅಪರಿಚಿತೆ ಹೊರನಡೆಯುತ್ತಾಳೆ. ಎರಡನೇ ಸಲ ಹೋದಾಗ ಮಗು ಒಂಟಿ. ಮೊದಲು ಬರುವುದು ಅಪರಿಚಿತೆ, ನಂತರ ತಾಯಿ. ಮಗು ತೀರಾ ಅತ್ತರೆ ಅಗಲಿಕೆಯನ್ನು ಅಲ್ಲಿಗೇ ಮೊಟಕು ಮಾಡಬೇಕು. ಮರಳುವ ತಾಯಿ ಬಾಗಿಲಲ್ಲೇ ಕ್ಷಣ ನಿಲ್ಲಬೇಕು. ಸರಕ್ಕನೆ ಬಂದು ಎತ್ತಿಕೊಂಡರೆ ಮಗು ತಾನಾಗಿ ಏನು ಮಾಡುತ್ತಿತ್ತೆಂದು ತಿಳಿಯುವುದೇ ಇಲ್ಲ.

ಅಂಕ ಹಾಕುವವರ ಕಣ್ಣು ಮುಖ್ಯವಾಗಿ ಈ ಮರುಭೇಟಿಗಳ ಮೇಲೆ. ಹತ್ತಿರ ಬರುವುದು, ಅಪ್ಪಿ ಹಿಡಿದುಕೊಳ್ಳುವುದು, ಮುಖ ತಿರುಗಿಸುವುದು, ಪ್ರತಿರೋಧಿಸುವುದು ಎಂಬ ನಾಲ್ಕು ನಡತೆಗಳಿಗೂ ಏಳು ಅಂಕಗಳ ಅಳತೆಪಟ್ಟಿ ಇದೆ. ಎಷ್ಟೇ ಅತ್ತಿರಲಿ, ತಾಯಿಯ ಬಳಿ ಸಾರಿ, ಸಮಾಧಾನಗೊಂಡು ಮತ್ತೆ ಆಟಿಕೆಗೆ ಹೊರಳಿದರೆ ಅದು ಸುರಕ್ಷಿತ ಬಾಂಧವ್ಯ. ಐನ್ಸ್‌ವರ್ತ್ ಕಂಡ ಮಕ್ಕಳಲ್ಲಿ ಸುಮಾರು ಮೂರರಲ್ಲೆರಡು ಪಾಲು ಇಂಥವು. ಎತ್ತಿಕೋ ಎಂದು ಕೈಚಾಚಿ, ಎತ್ತಿಕೊಂಡರೆ ಒದೆಯುವುದು ದ್ವಂದ್ವದ ಬಾಂಧವ್ಯ. ತಾಯಿ ಬಂದರೂ ನೋಡದೆ ಆಟಿಕೆಯಲ್ಲೇ ಮುಳುಗಿದಂತಿರುವುದು ದೂರ ಉಳಿಯುವ ಬಾಂಧವ್ಯ. ನಮ್ಮ 'ಜಾಣ ಮಗು' ಎಷ್ಟೋ ಸಲ ಇದೇ. ಹೊರಗೆ ತಣ್ಣಗಿರುವ ಇಂಥ ಮಕ್ಕಳ ಹೃದಯ ಬಡಿತ ಅಗಲಿಕೆಯಲ್ಲಿ ಏರಿರುವುದನ್ನು 1970ರ ದಶಕದಲ್ಲೇ ಅಳೆದು ತೋರಿಸಲಾಗಿತ್ತು. ಈ ಮೂರರಲ್ಲೂ ಸೇರದೆ ತಾಯಿಯನ್ನು ಕಂಡು ಮರಗಟ್ಟಿ ನಿಲ್ಲುವ, ಹಿಂದೆ ಸರಿಯುತ್ತಲೇ ಹತ್ತಿರ ಬರುವ ಮಕ್ಕಳಿಗಾಗಿ ಸಂಶೋಧಕಿಯರಾದ ಮೇರಿ ಮೇನ್ ಮತ್ತು ಜುಡಿತ್ ಸಾಲಮನ್ 1980ರ ದಶಕದಲ್ಲಿ ನಾಲ್ಕನೇ ಗುಂಪು ಸೇರಿಸಿದರು.

ಪರೀಕ್ಷೆ ಎಡವುವ ಜಾಗವೂ ಇದೆ. ಜಪಾನಿನ ಸಪ್ಪೊರೊದಲ್ಲಿ 60 ಮಕ್ಕಳನ್ನು ನೋಡಿದಾಗ ದೂರ ಉಳಿಯುವ ಗುಂಪಿಗೆ ಒಂದೂ ಸೇರಲಿಲ್ಲ, ಸುಮಾರು ಮೂರನೇ ಒಂದು ಪಾಲು ದ್ವಂದ್ವದ ಗುಂಪಿಗೆ ಬಿತ್ತು. ಆ ಮಕ್ಕಳು ಒಂಟಿಯಾಗಿ ಇದ್ದದ್ದೇ ಅಪರೂಪ. ಪರೀಕ್ಷೆ ರೂಪಿಸಿದವರು ಸೌಮ್ಯ ಒತ್ತಡ ಎಂದುಕೊಂಡದ್ದು ಅವಕ್ಕೆ ದಿಗಿಲಾಗಿತ್ತು. ಅಜ್ಜಿಯ ಮಡಿಲಿಂದ ಚಿಕ್ಕಮ್ಮನ ಸೊಂಟಕ್ಕೆ ದಾಟುತ್ತ ಬೆಳೆಯುವ ನಮ್ಮ ಮಕ್ಕಳಿಗೂ ಈ ಎಚ್ಚರಿಕೆ ಅನ್ವಯಿಸೀತು.

ಇನ್ನು, ಇದು ಮಗುವಿನ ಸ್ವಭಾವಕ್ಕೆ ಹಚ್ಚುವ ಚೀಟಿಯಲ್ಲ. ಅಳೆಯುವುದು ಒಬ್ಬ ವ್ಯಕ್ತಿಯೊಂದಿಗಿನ ನಂಟನ್ನು ಮಾತ್ರ; ತಾಯಿಯಿಂದ ದೂರ ಉಳಿದ ಮಗುವೇ ತಂದೆಯೊಡನೆ ಸುರಕ್ಷಿತ ಗುಂಪಿನಲ್ಲಿರಬಹುದು. ಮಗುವಿನ ಕರೆಗೆ ತಾಯಿ ತೋರುವ ಸ್ಪಂದನಕ್ಕೇ ಎಲ್ಲ ಹೊಣೆ ಕಟ್ಟುವಂತೆಯೂ ಇಲ್ಲ: 1997ರಲ್ಲಿ 66 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಸ್ಪಂದನಕ್ಕೂ ಸುರಕ್ಷಿತ ಬಾಂಧವ್ಯಕ್ಕೂ ಇರುವ ಸಹಸಂಬಂಧ (ಪೂರ್ತಿ ಹೊಂದಿದರೆ 1, ನಂಟೇ ಇಲ್ಲದಿದ್ದರೆ 0) 0.24ರ ಆಸುಪಾಸು, ಅಂದರೆ ಸಾಧಾರಣ.