ಮೆಕ್ಸಿಕೋ ಸಿಟಿ ನೋಡಿದ ಮೇಲೆ ಗ್ವಾದಲಹಾರಕ್ಕೂ ಹೋಗಬೇಕೇ?

ಪ್ರಶ್ನೆ: ಅಮೆರಿಕದಲ್ಲಿರುವ ಮಗನ ಮನೆಗೆ ಹೋದಾಗ ಒಂದು ವಾರ ಮೆಕ್ಸಿಕೋ ನೋಡಿ ಬರಬೇಕೆಂದಿದ್ದೇವೆ. ಮೆಕ್ಸಿಕೋ ಸಿಟಿಯ ನಂತರ ಗ್ವಾದಲಹಾರಕ್ಕೆ ಹೋಗಿ ಎಂದು ಸ್ನೇಹಿತರು ಹೇಳುತ್ತಿದ್ದಾರೆ. ಅಲ್ಲಿ ಕಡಲಿಲ್ಲ, ಪಿರಮಿಡ್ ಇಲ್ಲ. ಹೋಗಲು ಏನು ಕಾರಣ?

ಉತ್ತರ: ಕಡಲೇ ಬೇಕೆನ್ನುವವರು ಈ ಊರನ್ನು ಧಾರಾಳವಾಗಿ ಬಿಡಬಹುದು. ಆದರೆ ಮೆಕ್ಸಿಕೋ ಎಂದೊಡನೆ ನಮ್ಮ ಕಣ್ಣೆದುರು ಬರುವ ಅಗಲ ಅಂಚಿನ ಟೋಪಿ, ಕಸೂತಿಯ ಬಿಗಿ ಉಡುಪಿನ ಮರಿಯಾಚಿ ಗಾಯಕರು, ಟೆಕೀಲಾ ಎಂಬ ಮದ್ಯ, ಇವೆಲ್ಲ ಮೊದಲಿನಿಂದಲೂ ಇಡೀ ದೇಶದ ಸೊತ್ತಾಗಿರಲಿಲ್ಲ. ಇವುಗಳ ಬೇರು ಹೆಚ್ಚಾಗಿ ಇರುವುದು ಪಶ್ಚಿಮದ ಹಲಿಸ್ಕೊ ರಾಜ್ಯ ಮತ್ತು ಅದರ ಆಸುಪಾಸಿನಲ್ಲಿ. ಗ್ವಾದಲಹಾರ ಆ ರಾಜ್ಯದ ರಾಜಧಾನಿ. ಬೇರೆಡೆ ಪ್ರವಾಸಿಗರಿಗಾಗಿ ಹಾಡುವ ಹಾಡನ್ನು ಇಲ್ಲಿಯವರು ತಮ್ಮ ಮನೆಯ ಹುಟ್ಟುಹಬ್ಬಕ್ಕೆ ಹಾಡಿಸಿಕೊಳ್ಳುತ್ತಾರೆ. (ಇಂಗ್ಲಿಷ್ ಅಕ್ಷರಗಳನ್ನು ನೋಡಿ ‘ಗ್ವಾಡಲಜಾರ’ ಎಂದು ಓದಿದರೆ ಅಲ್ಲಿ ಯಾರಿಗೂ ತಿಳಿಯದು, ಸ್ಪ್ಯಾನಿಷ್‌ನಲ್ಲಿ j ಅಕ್ಷರಕ್ಕೆ ಹಕಾರದ ಉಚ್ಚಾರ.)

ಇಷ್ಟಾದರೂ, ಒಂದೇ ಕಾರಣ ಹೇಳಿ ಎಂದರೆ ನಾನು ಹಾಡನ್ನೂ ಹೆಸರಿಸುವುದಿಲ್ಲ, ಟೆಕೀಲಾವನ್ನೂ ಹೆಸರಿಸುವುದಿಲ್ಲ. ಹೊಸೆ ಕ್ಲೆಮೆಂತೆ ಒರೋಸ್ಕೊನ ಚಿತ್ರಗಳನ್ನು ಹೆಸರಿಸುತ್ತೇನೆ. ನಗರದ ಹಳೆಯ ಭಾಗದಲ್ಲಿ ಕಬಾನ್ಯಾಸ್ ಎಂಬ ವಿಶಾಲವಾದ ಕಟ್ಟಡವಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಿಷಪ್ ಹುವಾನ್ ರುಯಿಸ್ ದೆ ಕಬಾನ್ಯಾಸ್ ಅವರು ಅನಾಥರಿಗೂ ವೃದ್ಧರಿಗೂ ಅಂಗವಿಕಲರಿಗೂ ಆಶ್ರಯವಾಗಲೆಂದು ಇದನ್ನು ಕಟ್ಟಿಸಲು ತೊಡಗಿದರು. ಬಹುಪಾಲು ಒಂದೇ ಅಂತಸ್ತು, ಅಂಗಳದಿಂದ ಅಂಗಳಕ್ಕೆ ತೆರೆದುಕೊಳ್ಳುವ ಕಂಬಸಾಲು, ಮೆಟ್ಟಿಲು ಹತ್ತಲಾರದವರೂ ಸುಲಭವಾಗಿ ಓಡಾಡಬಹುದಾದ ವಿನ್ಯಾಸ. ಅದರ ನಡುವಿನ ಪ್ರಾರ್ಥನಾ ಮಂದಿರದ ಗೋಡೆ, ಕಮಾನು, ಗುಮ್ಮಟಗಳ ತುಂಬ ಒರೋಸ್ಕೊ 1930ರ ದಶಕದ ಕೊನೆಯಲ್ಲಿ ಹಸಿ ಗಾರೆಯ ಮೇಲೆ 57 ಚಿತ್ರಗಳನ್ನು ಬರೆದ. ಹಲಿಸ್ಕೊದವನೇ ಆದ ಈತ ಯೌವನದಲ್ಲಿ ಸಿಡಿಮದ್ದಿನ ಅವಘಡದಲ್ಲಿ ಎಡಗೈ ಕಳೆದುಕೊಂಡಿದ್ದ. ಅಷ್ಟೆತ್ತರದ ಅಟ್ಟಣಿಗೆಯ ಮೇಲೆ ನಿಂತು ಇಷ್ಟನ್ನೂ ಒಂದೇ ಕೈಯಲ್ಲಿ ಬರೆದನೆಂಬುದು ಚಿತ್ರಗಳ ಕೆಳಗೆ ನಿಂತಾಗ ಮತ್ತೆ ಮತ್ತೆ ನೆನಪಾಗುತ್ತದೆ. ಸ್ಪೇನಿನವರ ದಂಡಯಾತ್ರೆ ಇಲ್ಲಿ ಯಂತ್ರದ ಕುದುರೆಗಳಾಗಿ ಬರುತ್ತದೆ. ಸ್ಥಳೀಯರ ನರಬಲಿಯನ್ನೂ ಆತ ಬಿಟ್ಟಿಲ್ಲ, ಪಾದ್ರಿಗಳನ್ನೂ ಬಿಟ್ಟಿಲ್ಲ, ತನ್ನ ಕಾಲದ ಸರ್ವಾಧಿಕಾರಿಗಳನ್ನೂ ಬಿಟ್ಟಿಲ್ಲ. ಯಾವ ಪಕ್ಷಕ್ಕೂ ಸೇರದ ಈ ಸಿಟ್ಟೇ, ನನ್ನ ಮಟ್ಟಿಗೆ, ಒರೋಸ್ಕೊನನ್ನು ಆತನ ಸಮಕಾಲೀನ ಚಿತ್ರಕಾರ ದಿಯೆಗೊ ರಿವೆರಾನಿಗಿಂತ ಒಂದು ಕೈ ಮೇಲೆ ನಿಲ್ಲಿಸುತ್ತದೆ. ಗುಮ್ಮಟದ ಒಳಮೈಯಲ್ಲಿ ಉರಿಯುತ್ತ ಮೇಲಕ್ಕೇರುವ ‘ಬೆಂಕಿಯ ಮನುಷ್ಯ’ನನ್ನು ನೋಡಲು ಕತ್ತು ನೋಯಿಸಿಕೊಳ್ಳಬೇಕಿಲ್ಲ, ಕೆಳಗಿರುವ ಬೆಂಚುಗಳ ಮೇಲೆ ಅಂಗಾತ ಮಲಗಿ ನೋಡಬಹುದು. ಯುನೆಸ್ಕೊ 1997ರಲ್ಲಿ ಈ ಕಟ್ಟಡವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಲ್ಲಿಂದ ನಡೆದೇ ಹೋಗಬಹುದಾದ ಸರ್ಕಾರಿ ಅರಮನೆಯ ಮೆಟ್ಟಿಲುಗಳ ಮೇಲೆ ಒರೋಸ್ಕೊನ ಇನ್ನೊಂದು ಚಿತ್ರವಿದೆ: ಕೈಯಲ್ಲಿ ಪಂಜು ಹಿಡಿದ ಮಿಗೆಲ್ ಇದಾಲ್ಗೊ. ಸ್ಪೇನಿನ ವಿರುದ್ಧ ದಂಗೆಯೆದ್ದ ಈ ಪಾದ್ರಿ 1810ರ ಡಿಸೆಂಬರಿನಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸುವ ಆಜ್ಞೆ ಹೊರಡಿಸಿದ್ದು ಇದೇ ಊರಿನಿಂದ.

ಮರಿಯಾಚಿ ಕೇಳಲು ತ್ಲಾಕೆಪಾಕೆಗೆ ಹೋಗುವುದು ಒಳ್ಳೆಯದು. ಒಂದು ಕಾಲಕ್ಕೆ ಪ್ರತ್ಯೇಕವಾಗಿದ್ದ ಕುಂಬಾರರ ಊರು ಅದು, ಈಗ ನಗರಕ್ಕೇ ಅಂಟಿಕೊಂಡಿದೆ. ಅಲ್ಲಿಯ ಎಲ್ ಪರಿಯಾನ್ ಎಂಬ ಅಂಗಳದಲ್ಲಿ ಮೇಜಿನ ಬಳಿಗೇ ಬಂದು ಹಾಡುತ್ತಾರೆ. ಹಾಡಿಗಿಷ್ಟು ಎಂದು ದರವಿರುತ್ತದೆ, ಮೊದಲೇ ಕೇಳಿಕೊಳ್ಳಿ.

ಟೆಕೀಲಾ ಎಂಬುದು ಪಾನೀಯದ ಹೆಸರಾಗುವ ಮೊದಲು ಒಂದು ಊರಿನ ಹೆಸರು. ಗ್ವಾದಲಹಾರದಿಂದ ವಾಯವ್ಯಕ್ಕೆ ಸುಮಾರು 60 ಕಿ.ಮೀ. ದೂರದಲ್ಲಿರುವ ಅಲ್ಲಿಗೆ ಕುಡಿಯದವರೂ ಹೋಗಬೇಕೆಂದು ನಾನು ಹೇಳುವುದು ಹೊಲಗಳಿಗಾಗಿ. ನಮ್ಮ ಬಯಲುಸೀಮೆಯಲ್ಲಿ ಬೇಲಿಗೆ ನೆಡುವ, ನಾರು ತೆಗೆದು ಹಗ್ಗ ಹೊಸೆಯುವ ಕತ್ತಾಳೆಯ ತವರು ಮೆಕ್ಸಿಕೋ. ಅದರ ನೀಲಿ ಬಣ್ಣದ ಬಂಧುವೇ ಅಲ್ಲಿ ಬೆಟ್ಟದ ಬುಡದವರೆಗೆ ಸಾಲು ಸಾಲಾಗಿ ಬೆಳೆದು ನಿಂತಿರುತ್ತದೆ. ಗಿಡ ಬಲಿಯಲು ಆರೇಳು ವರ್ಷ ಬೇಕು. ಬಲಿತ ಮೇಲೆ ಎಲೆಗಳನ್ನು ಕೊಚ್ಚಿ ತೆಗೆದು, ದೈತ್ಯ ಅನಾನಸಿನಂತೆ ಕಾಣುವ ಗಡ್ಡೆಯನ್ನು ಬೇಯಿಸಿ, ಹಿಂಡಿ, ಹುಳಿಸಿ, ಭಟ್ಟಿ ಇಳಿಸುತ್ತಾರೆ. ಈ ಹೊಲಗಳ ಸೀಮೆಯೂ 2006ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅಂದಹಾಗೆ, ಪಿರಮಿಡ್ ಇಲ್ಲವೆಂಬ ನಿಮ್ಮ ಮಾತು ಪೂರ್ತಿ ಸರಿಯಲ್ಲ: ಇದೇ ಸೀಮೆಯ ತೆಉಚಿತ್ಲಾನ್‌ನಲ್ಲಿ ವೃತ್ತಾಕಾರದ ಮೆಟ್ಟಿಲು ಪಿರಮಿಡ್‌ಗಳಿವೆ, ಮೆಕ್ಸಿಕೋದ ಬೇರೆಡೆ ಅಂಥವು ಅಪರೂಪ.

ದಿನಾಂಕವನ್ನು ಹಿಂದೆ ಮುಂದೆ ಮಾಡಲು ಸಾಧ್ಯವಿದ್ದರೆ ಎರಡು ಸಂದರ್ಭಗಳನ್ನು ಗಮನಿಸಿ. ಅಕ್ಟೋಬರ್ 12ರಂದು, ನಗರಕ್ಕೆ ಹೊಂದಿಕೊಂಡ ಸಪೋಪಾನ್ ಊರಿನ ಮೇರಿ ಮಾತೆಯ ಪುಟ್ಟ ಮೂರ್ತಿ, ತಿಂಗಳುಗಟ್ಟಲೆ ಚರ್ಚಿನಿಂದ ಚರ್ಚಿಗೆ ಸಂಚರಿಸಿದ ಬಳಿಕ, ನರ್ತಕರ ತಂಡಗಳೊಂದಿಗೆ ಲಕ್ಷಾಂತರ ಜನರ ನಡುವೆ ತನ್ನ ಮೂಲಸ್ಥಾನಕ್ಕೆ ಮರಳುತ್ತದೆ. ಉತ್ಸವಮೂರ್ತಿಯ ಮೆರವಣಿಗೆ ನೋಡಿ ಬೆಳೆದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ನವೆಂಬರ್ ಕೊನೆಯಲ್ಲಿ ಆರಂಭವಾಗುವ ಪುಸ್ತಕ ಮೇಳವನ್ನು ಗ್ವಾದಲಹಾರ ವಿಶ್ವವಿದ್ಯಾಲಯ 1987ರಿಂದ ನಡೆಸುತ್ತಿದೆ. ಸ್ಪ್ಯಾನಿಷ್ ಜಗತ್ತಿನಲ್ಲಿ ಅದಕ್ಕೆ ಸಮನಾದ ಮೇಳವಿಲ್ಲ. 2019ರಲ್ಲಿ ಭಾರತವೇ ಅಲ್ಲಿ ಗೌರವ ಅತಿಥಿ ದೇಶವಾಗಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಎಚ್ಚರದಿಂದಿರಬೇಕು. ಊರಿನ ಹೆಮ್ಮೆಯ ತಿನಿಸಾದ ತೋರ್ತಾ ಅವೊಗಾದಾ ಎಂದರೆ ಹಂದಿಮಾಂಸ ತುಂಬಿ ಖಾರದ ಸಾರಿನಲ್ಲಿ ಮುಳುಗಿಸಿದ ಬನ್ನು; ಬಿರಿಯಾ ಎಂಬುದು ಸಾಂಪ್ರದಾಯಿಕವಾಗಿ ಆಡಿನ ಮಾಂಸದ್ದು. ಮಾಂಸ ಬೇಡ ಎಂದಷ್ಟೇ ಹೇಳಿದರೆ ಸಾಲದು, ಬೀನ್ಸ್ ಕಾಳಿನ ಪಲ್ಯಕ್ಕೂ ಹಂದಿಕೊಬ್ಬು ಹಾಕುವುದುಂಟು. ‘ಸಿನ್ ಮಾಂತೆಕಾ’, ಅಂದರೆ ಕೊಬ್ಬಿಲ್ಲದೆ, ಎಂದು ಸೇರಿಸಿ ಹೇಳಿ. ಪಾಪಸ್ಕಳ್ಳಿಯ ಎಲೆಯ ಪಲ್ಯ, ಕುಂಬಳದ ಹೂವು ಮತ್ತು ಚೀಸ್ ತುಂಬಿದ ರೊಟ್ಟಿ, ಬೇಯಿಸಿದ ಮೆಕ್ಕೆಜೋಳ ಇವು ಸಿಗುತ್ತವೆ.

ಸುರಕ್ಷತೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಹಲಿಸ್ಕೊ ರಾಜ್ಯ ಮಾದಕವಸ್ತು ಗುಂಪುಗಳ ಹಿಂಸೆಯಿಂದ ನಲುಗಿದೆ. ನಗರದ ಒಂದು ದೊಡ್ಡ ವೃತ್ತದಲ್ಲಿ ಕಾಣೆಯಾದವರ ಭಾವಚಿತ್ರಗಳನ್ನು ಅವರ ಮನೆಯವರು ಅಂಟಿಸಿರುವುದನ್ನು ನೀವೇ ಕಾಣುವಿರಿ. ಹೊರಡುವ ಮುನ್ನ ಸರ್ಕಾರದ ಪ್ರಯಾಣ ಸೂಚನೆಗಳನ್ನು ಓದಿ, ರಾತ್ರಿ ಆ್ಯಪ್ ಮೂಲಕ ಕರೆಸಿದ ಟ್ಯಾಕ್ಸಿಯಲ್ಲಿಯೇ ಓಡಾಡಿ. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಭಾರತೀಯ ಪ್ರವಾಸಿಗಳಿಗೆ ಮೆಕ್ಸಿಕೋದ ಪ್ರತ್ಯೇಕ ವೀಸಾ ಬೇಕಾಗುವುದಿಲ್ಲ. ಟಿಕೆಟ್ ಕಾಯ್ದಿರಿಸುವ ಮೊದಲು ಇದನ್ನೂ ಒಮ್ಮೆ ಖಚಿತಪಡಿಸಿಕೊಳ್ಳಿ. ಮೂರು ದಿನ ಇಟ್ಟುಕೊಂಡರೆ ಸಾಕು. ಸೋಮವಾರ ಕಬಾನ್ಯಾಸ್ ಮುಚ್ಚಿರುತ್ತದೆ, ಆ ದಿನವನ್ನು ಕತ್ತಾಳೆಯ ಹೊಲಗಳಿಗೆ ಕೊಡಿ.