ನ್ಯಾಶಾ ಯಾಕೆ ಉಣ್ಣುವುದಿಲ್ಲ: ದೇಹ, ಯಜಮಾನಿಕೆ, ಬಿಡುಗಡೆ

ಧಾರವಾಡದಲ್ಲಿ ಎಂ.ಎ. ಪರೀಕ್ಷೆಗೆ ಕೂಡುವ ಗೆಳೆಯ ಗೆಳತಿಯರಿಗೆ ಈ ಟಿಪ್ಪಣಿ: ವಸಾಹತೋತ್ತರ ಸಾಹಿತ್ಯದಲ್ಲಿ, ಅಂದರೆ ಪರಕೀಯರ ಆಳ್ವಿಕೆ ಕಂಡ ನಾಡುಗಳ ಬರಹದಲ್ಲಿ, ಹೆಣ್ಣಿನ ದೇಹವನ್ನು ಓದುವುದು ಹೇಗೆ ಎಂಬುದರ ಬಗ್ಗೆ. ಪರಕೀಯರ ಆಳ್ವಿಕೆ ಒಂದು, ಮನೆಯ ಗಂಡಸರ ಆಳ್ವಿಕೆ ಇನ್ನೊಂದು, ಹೆಣ್ಣಿಗೆ ಎರಡೂ ಕಡೆಯ ಹೊಡೆತ. ಇಷ್ಟು ಎಲ್ಲರಿಗೂ ಗೊತ್ತು, ಬಿಡಿ. ತೊಡಕಿರುವುದು ಉತ್ತರಗಳಲ್ಲಿ ಬರುವ 'ದೇಹವೇ ಪ್ರತಿರೋಧ' ಎಂಬ ಸಾಲಿನಲ್ಲಿ. ಬರೆಯಲು ಸುಲಭ, ಪಠ್ಯದಿಂದ ತೋರಿಸಲು ಕಷ್ಟ.

ಜಿಂಬಾಬ್ವೆಯ ಲೇಖಕಿ ತ್ಸಿತ್ಸಿ ದಂಗರೆಂಬ್ಗಾ ಅವರ ಕಾದಂಬರಿ 'ನರ್ವಸ್ ಕಂಡಿಷನ್ಸ್' (1988) ತೆಗೆದುಕೊಳ್ಳಿ. ಅದರಲ್ಲಿ ನ್ಯಾಶಾ ಎಂಬ ಹುಡುಗಿ ಊಟ ಒಲ್ಲೆ ಎನ್ನುತ್ತಾಳೆ. ನಮ್ಮ ಕಡೆ 'ಸಿಟ್ಟಿಗೆ ಊಟ ಬಿಟ್ಟು ಕುಂತಾಳ' ಅಂತಾರಲ್ಲ, ಹಾಗೆ ಓದಿದರೆ ಕಾದಂಬರಿ ಕೈತಪ್ಪಿತು. ತಾಟಿನಲ್ಲಿರುವ ಅನ್ನ ಯಾರದು? ಅಪ್ಪ ಬಾಬಮುಕುರುವಿನದು. ಅವನ ಹೆಡ್‌ಮಾಸ್ತರಿಕೆ, ಮನೆ, ಮರ್ಯಾದೆ ಎಲ್ಲಿಂದ ಬಂದವು? ರೊಡೇಷಿಯಾದ (ಇಂದಿನ ಜಿಂಬಾಬ್ವೆ) ಕ್ರೈಸ್ತ ಮಿಷನ್ನಿನಿಂದ. ಅಲ್ಲಿ ಕೊನೆಯ ಮಾತು ಯಾರದು? ಬಿಳಿಯರದು. ಈ ಮೂರು ಪ್ರಶ್ನೆ ದಾಟಿದ ಮೇಲೆಯೇ ಒಂದು ತುತ್ತಿನಲ್ಲಿ ಅಪ್ಪನೂ ವಸಾಹತೂ ಒಟ್ಟಿಗೆ ಕಾಣುವುದು. ಅಪ್ಪನ ಒತ್ತಾಯಕ್ಕೆ ಉಂಡವಳು ಬಚ್ಚಲಿಗೆ ಹೋಗಿ ಕಾರಿಕೊಳ್ಳುತ್ತಾಳೆ: ಎದುರಿಗೆ ವಿಧೇಯತೆ, ಮರೆಯಲ್ಲಿ ನಿರಾಕರಣೆ. ಮುಂದೆ ಇತಿಹಾಸದ ಪುಸ್ತಕವನ್ನೇ ಹಲ್ಲಿನಿಂದ ಹರಿಯುತ್ತಾಳೆ. ಅನ್ನ ಒಲ್ಲೆ ಎಂದ ಬಾಯಿಯೇ ಬಿಳಿಯರು ಬರೆದ ಚರಿತ್ರೆಯನ್ನೂ ಒಲ್ಲೆ ಎನ್ನುತ್ತಿದೆ. ಈ ಎರಡು ದೃಶ್ಯಗಳನ್ನು ಜೋಡಿಸದ ಉತ್ತರ ಅರ್ಧ ಉತ್ತರ.

ಹಾಗಾದರೆ ಇದು ಬಿಡುಗಡೆಯೇ? ಅಲ್ಲ. ಅವಳ ಕೈಲಿರುವ ಆಯುಧ ಅವಳ ದೇಹವೊಂದೇ, ಏಟು ಬೀಳುವುದೂ ಅದಕ್ಕೇ. ಬಾಬಮುಕುರುವಿನ ಕುರ್ಚಿ ಅಲುಗುವುದಿಲ್ಲ. ಮೊದಲು ನೋಡಿದ ಮನೋವೈದ್ಯನಂತೂ ಆಫ್ರಿಕನ್ನರಿಗೆ ಇಂಥ ಬೇನೆ ಇಲ್ಲ, ಇವಳದು ನಾಟಕ ಎಂದು ಕೈತೊಳೆದುಕೊಳ್ಳುತ್ತಾನೆ. ಆದ್ದರಿಂದ ಪ್ರತಿರೋಧ, ಬಿಡುಗಡೆ ಎರಡನ್ನೂ ಒಂದೇ ವಾಕ್ಯಕ್ಕೆ ತುರುಕಬೇಡಿ. ಬರೆಯುವ ಮೊದಲು ಕೇಳಿಕೊಳ್ಳಿ: ಈ ದೇಹದ ಬಗ್ಗೆ ತೀರ್ಮಾನ ಯಾರದು, 'ಒಲ್ಲೆ' ಎಂದಾಗ ನಷ್ಟ ಯಾರಿಗೆ?

ಇದೇ ಪ್ರಶ್ನೆಗಳನ್ನು ಬಂಗಾಳಿ ಲೇಖಕಿ ಮಹಾಶ್ವೇತಾ ದೇವಿಯವರ 'ದ್ರೌಪದಿ' ಕತೆಗೆ ಹಾಕಿದರೆ ಫಲಿತಾಂಶ ಬೇರೆ. ಸೈನ್ಯಕ್ಕೆ ಸೆರೆಸಿಕ್ಕ ಬುಡಕಟ್ಟಿನ ಬಂಡಾಯಗಾರ್ತಿ ದೋಪ್ದಿ (ದ್ರೌಪದಿ) ಸಾಮೂಹಿಕ ಅತ್ಯಾಚಾರದ ಮರುದಿನ ಬಟ್ಟೆ ಉಡಲು ಒಪ್ಪದೆ ಸೇನಾನಾಯಕನ ಎದುರು ನಿಲ್ಲುತ್ತಾಳೆ. ನಿರಾಯುಧ ಹೆಣ್ಣಿನ ಮುಂದೆ ಹೆದರುವವನು ಅವನು. ಮಾನಭಂಗವಾದರೆ ಹೆಣ್ಣು ನಾಚಿ ಮುದುಡುತ್ತಾಳೆ ಎಂಬ ಲೆಕ್ಕದ ಮೇಲೆ ನಿಂತ ಅಧಿಕಾರ ಅವನದು. ಆ ನಾಚಿಕೆಯನ್ನೇ ಅವಳು ಕೊಡುವುದಿಲ್ಲ. ಇಷ್ಟಾಗಿಯೂ ಅವಳು ಸೆರೆಯಲ್ಲೇ ಇದ್ದಾಳೆ, ಅದನ್ನೂ ಬರೆಯಿರಿ. ಇನ್ನೊಂದು, ಕತೆ ನಡೆಯುವುದು 1971ರಲ್ಲಿ, ಸ್ವತಂತ್ರ ಭಾರತದ ಸೈನ್ಯದ ಕೈಯಲ್ಲಿ. ವಸಾಹತೋತ್ತರ ಎಂದ ಕೂಡಲೇ ಇಂಗ್ಲಿಷರನ್ನು ಬೈಯಲು ಕೂಡಬೇಡಿ.

ಓದು ಬಂದರೆ ಬಿಡುಗಡೆ ಬಂತು ಎಂದು ಬರೆಯುವವರು ನ್ಯಾಶಾಳ ತಾಯಿ ಮೈಗುರುವನ್ನು ಮರೆತಿರುತ್ತಾರೆ. ಅವಳಿಗೆ ಸ್ನಾತಕೋತ್ತರ ಪದವಿ ಇದೆ, ದುಡಿಮೆ ಇದೆ, ಸಂಬಳದ ಮೇಲೆ ಹಿಡಿತ ಮಾತ್ರ ಇಲ್ಲ. ಅವಳಿಗೊಂದು ಪ್ಯಾರಾ ಮೀಸಲಿಡಿ.